ಗಾಲಿ ನೆಲಕ್ಕ ಊರಿದ ಮ್ಯಾಲ ಬಿಗಿ ಮಾಡು

ಕಬ್ಬಿನ ಸೀಜನ್ ಶುರುವಾದರೆ ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ರಸ್ತೆಗಳಿಗೆ ಬಿಡುವೇ ಇರೋದಿಲ್ಲ. ದೀಪಾವಳಿ ಆಸುಪಾಸಿನಿಂದ ಶಿವರಾತ್ರಿವರೆಗೂ ಹಗಲು ರಾತ್ರಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ಕಾರ್ಖಾನೆ ಕಡೆ ಸಾಗುತ್ತಲೇ ಇರುತ್ತವೆ. ಕೆಳಗೆ ಎರೆ ಮಣ್ಣು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ. ಮೇಲೆ ಟನ್‌ಗಟ್ಟಲೆ ಕಬ್ಬು. ನಡುವೆ ಸಿಕ್ಕ ಡಾಂಬರು ಎಷ್ಟು ದಿನ ತಡೆದೀತು? ಆ ತಗ್ಗುಗಳಲ್ಲಿ ಇಳಿದು ಹತ್ತುವ ಸಣ್ಣ ಕಾರುಗಳಲ್ಲಿ ಮೊದಲು ಸೋಲೋದು ಎಂಜಿನ್ ಅಲ್ಲ. ಮುಂದಿನ ಗಾಲಿಗಳ ಹತ್ತಿರ ಅಡಗಿರುವ, ಮುಷ್ಟಿಯಷ್ಟೂ ದೊಡ್ಡದಿರದ ರಬ್ಬರ್ ತುಂಡುಗಳು. ಅವನ್ನೇ ಬುಷ್ ಅನ್ನೋದು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಎಂಜಿನಿಯರಿಂಗ್ ಓದಿದ್ದರೂ ನನ್ನ ಕೈಗೆ ಗ್ರೀಸ್ ಹತ್ತಿದ್ದು ಕಡಿಮೆ. ಆದರೆ ಕಳೆದ ಫೆಬ್ರುವರಿಯಲ್ಲಿ ಮೂರು ವಾರ ಮೂಡಲಗಿಯ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಅಪ್ಪನ ಕಾರಿನ ಬುಷ್‌ಗಳನ್ನು ಮನೆ ಮುಂದಿನ ಫರಸಿಯ ಮೇಲೆಯೇ ಬದಲಿಸುವ ಪ್ರಸಂಗ ಬಂತು. ಯಾಕೆ ಬಂತು ಅಂತ ಹೇಳಬೇಕು.

ತಂಗಿಯನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಆಗ ಅವಳಿಗೆ ಏಳನೇ ತಿಂಗಳು. ಕುಬಸ ಮುಗಿಸಿ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಬರಬೇಕಿತ್ತು. ಮೊದಲ ಹೆರಿಗೆ. ಸೊಂಟದ ನೋವು ಬೇರೆ ಇತ್ತು. ಡಾಕ್ಟರ್ ಪ್ರಯಾಣ ಮಾಡಬಹುದು ಅಂದಿದ್ದರು, ಆದರೆ ಜರ್ಕ್ ಕಮ್ಮಿ ಇರಲಿ, ನಡುನಡುವೆ ನಿಲ್ಲಿಸಿ ಅಂತಲೂ ಎಚ್ಚರಿಸಿದ್ದರು. ಬಾಡಿಗೆ ಕಾರು ಮಾಡೋಣ ಅಂದರೆ ಅವಳು ಫೋನಿನಲ್ಲೇ ಹಟ ಹಿಡಿದಳು. "ಗುರ್ತಿಲ್ಲದ ಡ್ರೈವರ್‌ಗ ಹತ್ತ ಸಲ ನಿಂದರಸ್ರಿ ಅಂತ ಹೇಳಾಕ ನನಗ ಆಗಂಗಿಲ್ಲಣ್ಣಾ. ಅಪ್ಪನ ಗಾಡಿ ಬಂದ್ರ ಬರ್ತೇನಿ."

ಅಪ್ಪನ ಗಾಡಿ 2012ರ ಸಣ್ಣ ಕಾರು. ಸಾಲಿ ಮಾಸ್ತರರಾಗಿದ್ದ ಅಪ್ಪ ನಿವೃತ್ತರಾಗುವ ಮೊದಲು ಕೊಂಡಿದ್ದು. 92 ಸಾವಿರ ಕಿಲೋಮೀಟರ್ ಓಡಿದೆ. ಅದನ್ನು ಮಾರುವ ಮಾತೆತ್ತಿದರೆ ಮನೆಯಲ್ಲಿ ಮೌನ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗುವ ಮೊದಲು ಗೋಕಾಕದಲ್ಲಿದ್ದ ಮಾಮಾನ ಕುಟುಂಬವನ್ನು ಅಪ್ಪ ಇದೇ ಗಾಡಿಯಲ್ಲಿ ಮೂಡಲಗಿಗೆ ಕರೆತಂದಿದ್ದರು. ಮಾಮಾ ಬರುವಾಗ ಬಟ್ಟೆಬರೆಗಿಂತ ಮೊದಲು ಡಿಕ್ಕಿಗೆ ಇಟ್ಟಿದ್ದು ತನ್ನ ಪಾನಾ ಡಬ್ಬಿ. ಅವರು ಗೋಕಾಕ ಮಿಲ್‌ನಲ್ಲಿ ಫಿಟರ್ ಆಗಿದ್ದವರು. ಜಲಪಾತದ ನೀರಿನ ಬಲ ನಂಬಿ 1885ರಲ್ಲಿ ಹುಟ್ಟಿದ ಗಿರಣಿ ಅದು.

ಆ ಗಾಡಿ ಈಗ ತಗ್ಗಿಗೆ ಇಳಿದರೆ ಮುಂದಿನಿಂದ 'ಗಡ್' ಅನ್ನುತ್ತಿತ್ತು. ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತಿತ್ತು. ಎಡಗಡೆ ಮುಂದಿನ ಟೈರಿನ ಒಳ ಅಂಚು ಮಾತ್ರ ಸವೆದು ನುಣ್ಣಗಾಗಿತ್ತು. ಅಪ್ಪ ಇದನ್ನು ನಮಗೆ ಹೇಳಿರಲೇ ಇಲ್ಲ. ಊರೊಳಗೆ ನಿಧಾನಕ್ಕೆ ಓಡಿಸಿಕೊಂಡು ಕಾಲ ಹಾಕುತ್ತಿದ್ದರು. ಅವರ ಚಿಂತೆ ಬೇರೆಯೇ ಇತ್ತು: "ಬೀಗರ ಮನಿ ಮುಂದ ಗಡಗಡ ಅನಕೋತ ಹೋಗಿ ನಿಂದ್ರೂದು ಹ್ಯಾಂಗಪಾ?"

ಬುಷ್ ಅಂದರೆ ಏನು ಅಂತ ಮೊದಲು ತಿಳಿದುಕೊಳ್ಳೋಣ. ನಮ್ಮ ದೇಶದ ಬಹುತೇಕ ಸಣ್ಣ ಕಾರುಗಳ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನುವ ಜೋಡಣೆ. 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂದದ್ದು, 1983ರಲ್ಲಿ ಬಂದ ಮಾರುತಿ 800ರಲ್ಲೂ ಇದ್ದದ್ದು. ಮೇಲಿನಿಂದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ ಗಾಲಿಯನ್ನು ಹಿಡಿಯುತ್ತದೆ. ಕೆಳಗಿನಿಂದ ಲೋವರ್ ಆರ್ಮ್ ಅನ್ನುವ ಕಬ್ಬಿಣದ ತೋಳು ಹಿಡಿಯುತ್ತದೆ. ಈ ತೋಳಿನ ಒಂದು ತುದಿ ಗಾಲಿ ಕಡೆ. ಇನ್ನೊಂದು ತುದಿ ಗಾಡಿಯ ಚೌಕಟ್ಟಿಗೆ ಎರಡು ಕಡೆ ಬೋಲ್ಟ್ ಆಗಿರುತ್ತದೆ. ಗಾಲಿ ತಗ್ಗಿಗೆ ಇಳಿದು ಎದ್ದಾಗಲೆಲ್ಲ ತೋಳು ಬಾಗಿಲ ಹಾಗೆ ಮೇಲೆ ಕೆಳಗೆ ಆಡುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಆ ಬೋಲ್ಟ್‌ಗಳ ಜಾಗದಲ್ಲಿ ಕೂತಿರೋದೇ ಬುಷ್. ಮೊಣಕಾಲಿನ ಮೂಳೆಗಳ ನಡುವೆ ಮೃದುವಾದ ಗಾದಿ ಇರುತ್ತದಲ್ಲ, ಅದೇ ಕೆಲಸ. ಅದು ಸವೆದರೆ ಅಜ್ಜಿಯರು ಮೆಟ್ಟಿಲು ಇಳಿಯುವಾಗ ಮೊಣಕಾಲು 'ಕಟ್' ಅನ್ನುತ್ತದೆ, ಇದು ಸವೆದರೆ ಗಾಡಿ 'ಗಡ್' ಅನ್ನುತ್ತದೆ.

ಇಷ್ಟಾದರೆ ಹಳೇ ಗಾಡಿ, ಹಳೇ ಬುಷ್ ಅಂತ ಹೊಸದು ಹಾಕಿ ಮುಗಿಸಬಹುದಿತ್ತು. ಆದರೆ ಅಪ್ಪ ಒಂದು ಬಿಲ್ ತೋರಿಸಿದರು. ಎಂಟು ತಿಂಗಳ ಹಿಂದೆಯಷ್ಟೇ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಬುಷ್ ಹೊಸದಾಗಿ ಹಾಕಿಸಿದ್ದರು. ಅವೇ ಹರಿದಿದ್ದವು. ಈಗ ಇನ್ನೊಂದು ಕಡೆ ಕೇಳಿದರೆ "ಬುಷ್ ಬ್ಯಾಡ್ರಿ, ಎರಡೂ ಆರ್ಮ್ ಪೂರ್ತಿ ಹೊಸಾವು ಹಾಕ್ರಿ" ಅಂತ ಹನ್ನೊಂದು ಸಾವಿರದ ಲೆಕ್ಕ ಕೊಟ್ಟರು. ಯಾಕೆ ಇಷ್ಟು ಬೇಗ ಹರಿಯಿತು ಅಂದರೆ ಎಲ್ಲರದ್ದೂ ಒಂದೇ ಉತ್ತರ: "ನಮ್ಮ ರೋಡ್ ಹಂಗ ಅದಾವಲ್ರಿ."

ನನ್ನ ಕೆಲಸದಲ್ಲಿ ಈ ತರಹದ ಉತ್ತರ ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಸರ್ವರ್ ಪದೇ ಪದೇ ಬೀಳುತ್ತಿದ್ದರೆ ರೀಸ್ಟಾರ್ಟ್ ಮಾಡೋದು ಉತ್ತರವಲ್ಲ. ಯಾಕೆ ಬಿತ್ತು ಅಂತ ಗೊತ್ತಾಗದೆ ಹೊಸ ಸರ್ವರ್ ತಂದಿಟ್ಟರೆ ಅದೂ ಬೀಳುತ್ತದೆ. ಇದೇ ರಸ್ತೆಯಲ್ಲಿ ಕಂಪನಿಯಿಂದ ಬಂದ ಮೊದಲ ಬುಷ್‌ಗಳು ಹತ್ತು ವರ್ಷಕ್ಕೂ ಹೆಚ್ಚು ಬಾಳಿದ್ದವು. ಎರಡನೆಯವು ಎಂಟೇ ತಿಂಗಳು. ರಸ್ತೆ ಅದೇ, ಗಾಡಿ ಅದೇ, ಓಡಿಸುವ ಅಪ್ಪನೂ ಅದೇ. ಬದಲಾದದ್ದು ಏನು?

ಮಾಮಾನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವರು ಬೋಲ್ಟ್ ಬಿಗಿ ಮಾಡುವಾಗ ಗಾಲಿ ನೆಲದ ಮ್ಯಾಲ ಇದ್ದೂವೋ, ಗಾಳ್ಯಾಗ ಇದ್ದೂವೋ?"

ಅಪ್ಪನಿಗೆ ನೆನಪಿತ್ತು. ಗಾಡಿ ಲಿಫ್ಟ್ ಮೇಲೆ ಎತ್ತಿ ನಿಲ್ಲಿಸಿದ್ದರು, ಗಾಲಿ ಬಿಚ್ಚಿಟ್ಟಿದ್ದರು. ಎಲ್ಲ ಬಿಗಿ ಮಾಡಿ, ಗಾಲಿ ಹಾಕಿ, ಇಳಿಸಿ ಕೀಲಿ ಕೊಟ್ಟಿದ್ದರು. "ಹಂಗಾರ ಶನಿವಾರ ಬರ್ತೇನಿ. ನಾ ಬರೂತನಕ ಗಾಡಿ ಎತ್ತಬ್ಯಾಡ್ರಿ," ಅಂದರು ಮಾಮಾ.

ಶನಿವಾರ ಬೆಳಗ್ಗೆ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಅದೇ ಪಾನಾ ಡಬ್ಬಿ, ಇನ್ನೊಂದು ಕೈಯಲ್ಲಿ ಕರದಂಟಿನ ಪೊಟ್ಟಣ. ಹಿಂದಿನ ದಿನವೇ ನಾನು ಗೋಕಾಕಕ್ಕೆ ಹೋಗಿ ನಾಲ್ಕು ಬುಷ್, ಹೊಸ ಬೋಲ್ಟು ನಟ್ಟು ತಂದಿಟ್ಟಿದ್ದೆ. ಮಾಮಾ ಹೇಳಿದಂತೆ ಬುಷ್‌ಗಳನ್ನು ರಾತ್ರಿಯೇ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಅವ್ವ ಬೆಳಗ್ಗೆ ಬೆಣ್ಣೆ ಡಬ್ಬಿ ತೆಗೆಯಲು ಹೋಗಿ, "ಇವೇನ್ ತಂದಿಟ್ಟಿಯೋ ಮಾರಾಯಾ, ತಿನ್ನೂವೋ ಹಚ್ಚೂವೋ?" ಅಂದಳು.

ಮಾಮಾ ಮೊದಲು ಮಾಡಿಸಿದ್ದು ನಾನು ಊಹಿಸದ ಕೆಲಸ. ಎರಡು ದಪ್ಪ ಮರದ ಹಲಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಮುಂದಿನ ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿದರು. ಗಾಡಿಯ ಭಾರ ಗಾಲಿಯ ಮೇಲೆಯೇ ಇದೆ, ಆದರೆ ಅಡಿಯಲ್ಲಿ ಕೈ ಹೋಗುವಷ್ಟು ಜಾಗ ಸಿಕ್ಕಿತು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಬಲಗಡೆ ಬುಷ್‌ನ ಮಧ್ಯದ ಕಬ್ಬಿಣದ ಕೊಳವೆಯಿಂದ ಚೌಕಟ್ಟಿನವರೆಗೆ ಬಿಳಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಲು ಹೇಳಿದರು. ಎಡಗಡೆಯದು ಪೂರ್ತಿ ಹರಿದಿತ್ತು, ಬಲಗಡೆಯದರಲ್ಲಿ ಅರ್ಧ ರಬ್ಬರ್ ಇನ್ನೂ ಗಟ್ಟಿ ಇತ್ತು.

"ಈಗ ಬೋಲ್ಟ್ ಸಡ್ಲ ಮಾಡು."

ಉದ್ದನೆಯ ರಾಡ್ ಹಾಕಿ ತಿರುಗಿಸಿದೆ. 'ಟಕ್' ಅಂತ ಸಪ್ಪಳವಾಯಿತು. ಇಣುಕಿ ನೋಡಿದರೆ ನಾನು ಎಳೆದ ನೇರ ಗೆರೆ ಎರಡು ತುಂಡಾಗಿತ್ತು. ಕೊಳವೆಯ ಮೇಲಿನ ಗೆರೆ ಒಂದು ಕಡೆ, ಚೌಕಟ್ಟಿನ ಮೇಲಿನ ಗೆರೆ ಇನ್ನೊಂದು ಕಡೆ. ಯಾರೂ ಮುಟ್ಟದೆ ಕೊಳವೆ ತಾನಾಗಿಯೇ ತಿರುಗಿತ್ತು.

"ಕಂಡ್ಯಾ? ಎಂಟ ತಿಂಗಳಿಂದ ಹಿಂಡಿಸಿಕೊಂಡು ಕುಂತಿತ್ತು. ಈಗ ಉಸರು ಬಿಟ್ತು," ಅಂದರು.

ವಿಷಯ ಇಷ್ಟು. ಬುಷ್ ನೋಡಲು ಬೇರಿಂಗ್ ಹಾಗಿದ್ದರೂ ಅದು ತಿರುಗುವ ವಸ್ತುವಲ್ಲ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಕ್ಷಣ ಒಳಗಿನ ಕೊಳವೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ತೋಳು ಆಡಿದಾಗಲೆಲ್ಲ ರಬ್ಬರ್ ತಿರುಚಿಕೊಳ್ಳುತ್ತದೆ, ತೋಳು ಮೊದಲಿನ ಜಾಗಕ್ಕೆ ಬಂದಾಗ ಸಡಿಲವಾಗುತ್ತದೆ. ಅದರ ಪಾಲಿಗೆ ಮೊದಲಿನ ಜಾಗ ಯಾವುದು? ಬೋಲ್ಟ್ ಬಿಗಿ ಮಾಡಿದಾಗ ತೋಳು ಎಲ್ಲಿತ್ತೋ ಅದೇ.

ಗಾಡಿ ಎತ್ತಿದಾಗ ಗಾಲಿ ಕೆಳಗೆ ಜೋತು ಬೀಳುತ್ತದೆ. ನಾನು ಅಳೆದು ನೋಡಿದೆ. ನಮ್ಮ ಗಾಡಿಯ ತೋಳು ಸುಮಾರು 35 ಸೆಂಟಿಮೀಟರ್ ಉದ್ದ, ಎತ್ತಿದಾಗ ಅದರ ತುದಿ ಸುಮಾರು 9 ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 15 ಡಿಗ್ರಿ. ಆ ಸ್ಥಿತಿಯಲ್ಲೇ ಬಿಗಿ ಮಾಡಿ ಗಾಡಿ ಇಳಿಸಿದರೆ, ನಿಂತಲ್ಲೇ ರಬ್ಬರ್ 15 ಡಿಗ್ರಿ ತಿರುಚಿಕೊಂಡಿರುತ್ತದೆ. ಮನೆ ಮುಂದೆ ರಾತ್ರಿಯಿಡೀ ನಿಂತಿದ್ದರೂ ಬಿಡುವಿಲ್ಲ. ಇನ್ನು ತಗ್ಗಿಗೆ ಬಿದ್ದು ಗಾಲಿ ಮೇಲೆದ್ದರೆ ಅದರ ಮೇಲೆ ಇನ್ನಷ್ಟು ತಿರುಚು. ಹರಿಯದೆ ಏನು ಮಾಡೀತು? ರಸ್ತೆಯ ಪಾಲೂ ಇದೆ, ಇಲ್ಲ ಅನ್ನಲ್ಲ. ಆದರೆ ಹತ್ತು ವರ್ಷ ಬಾಳುವುದು ಎಂಟು ತಿಂಗಳಿಗೆ ಹರಿಯಲು ಕಾರಣ ರಸ್ತೆಯಲ್ಲಿರಲಿಲ್ಲ, ಲಿಫ್ಟ್ ಮೇಲಿತ್ತು.

ಕಾರಣ ಸಿಕ್ಕ ಮೇಲೆ ಕೆಲಸಕ್ಕೆ ಇಳಿದೆವು. ಗಾಡಿಯನ್ನು ಹಲಗೆಯಿಂದ ಇಳಿಸಿ, ಎತ್ತುವ ಮೊದಲು ಇನ್ನೊಂದು ಅಳತೆ ತೆಗೆದುಕೊಂಡೆ: ಗಾಲಿಯ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಷ್ಟು ಅಂತ. ಗಾಡಿ ತನ್ನ ಭಾರ ಹೊತ್ತು ನಿಂತಾಗಿನ ಎತ್ತರ ಅದು. ಅದನ್ನು ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದಿಟ್ಟೆ.

ಜಾಕ್ ವಿಷಯದಲ್ಲಿ ಮಾಮಾ ಬಲು ಕಟ್ಟುನಿಟ್ಟು. ಜಾಕ್ ಎತ್ತೋದಕ್ಕೆ ಮಾತ್ರ, ಹೊರೋದಕ್ಕಲ್ಲ ಅನ್ನುವುದು ಅವರ ಕಾನೂನು. ಎತ್ತಿದ ಮೇಲೆ ಎರಡು ಕಡೆ ಸ್ಟ್ಯಾಂಡ್, ಅದರ ಮೇಲೂ ನಂಬಿಕೆ ಸಾಲದು ಅಂತ ಬಿಚ್ಚಿದ ಗಾಲಿಗಳನ್ನು ಗಾಡಿಯ ಅಡಿ ಮಲಗಿಸಿದರು. ನಮ್ಮದು ಫರಸಿ ಹಾಕಿದ ಅಂಗಳ. ಬರೀ ಮಣ್ಣಿನ ಮೇಲೆ ಈ ಕೆಲಸ ಮಾಡಲೇಬಾರದು. ಎರೆ ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ಇಳಿಯೋದು ಗೊತ್ತೇ ಆಗೋದಿಲ್ಲ.

ತೋಳು ಬಿಚ್ಚೋದಕ್ಕೆ ಒಂದು ತಾಸು. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಹಚ್ಚಿದ್ದರಿಂದ ಜಗಳವಾಡಲಿಲ್ಲ. ಬುಷ್ ಹೊರಗೆ ತೆಗೆಯೋದೇ ನಿಜವಾದ ಕೆಲಸ. ಗ್ಯಾರೇಜಿನಲ್ಲಾದರೆ ಹೈಡ್ರಾಲಿಕ್ ಪ್ರೆಸ್ ಇರುತ್ತದೆ. ನಮ್ಮ ಹತ್ತಿರ ಇದ್ದದ್ದು ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡ್, ದಪ್ಪ ವಾಶರ್‌ಗಳು, ಒಂದು ತುಂಡು ಕಬ್ಬಿಣದ ಪೈಪು ಮತ್ತು ಮಾಮಾನ ಡಬ್ಬಿಯಲ್ಲಿದ್ದ ಹಳೇ ಬೇರಿಂಗ್‌ನ ಬಳೆ. ರಾಡನ್ನು ಬುಷ್‌ನ ತೂತಿನಲ್ಲಿ ತೂರಿಸಿ, ಒಂದು ಕಡೆ ಬುಷ್ ಒಳಗೆ ಸರಿಯುವಷ್ಟು ಅಗಲದ ಪೈಪ್ ತುಂಡು, ಇನ್ನೊಂದು ಕಡೆ ಬುಷ್‌ನ ಹೊರಬಳೆಯನ್ನು ಮಾತ್ರ ಒತ್ತುವ ಅಳತೆಯ ಬೇರಿಂಗ್ ಬಳೆ. ಎರಡೂ ತುದಿಗೆ ನಟ್. ಪಾನಾ ತಿರುಗಿಸುತ್ತಾ ಹೋದರೆ ಬುಷ್ ಕೂದಲೆಳೆ ಕೂದಲೆಳೆಯಾಗಿ ಪೈಪಿನೊಳಗೆ ಸರಿಯುತ್ತದೆ. ಮಿಲ್‌ನಲ್ಲಿ ಪ್ರೆಸ್ ಕೈಕೊಟ್ಟಾಗ ಹೀಗೇ ಮಾಡುತ್ತಿದ್ದರಂತೆ.

ಹೊಸದನ್ನು ಹಾಕುವ ಮುಂಚೆ ಮಾಮಾ ಮೂರು ಮಾತು ಹೇಳಿದರು. ಒಂದು, ಹೊರಬಳೆಯನ್ನು ಮಾತ್ರ ಒತ್ತಬೇಕು. ನಡುವಿನ ಕೊಳವೆಯನ್ನು ಒತ್ತಿದರೆ ಅಂಟಿದ ರಬ್ಬರ್ ಹಾಕುವಾಗಲೇ ಕಿತ್ತುಹೋಗುತ್ತದೆ. ಎರಡು, ಎಣ್ಣೆ ಗ್ರೀಸ್ ಬೇಡ, ಸಾಬೂನು ನೀರು ಸಾಕು. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೂರು, ಹಿಂದಿನ ಬುಷ್‌ನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸಂದು ಇರುತ್ತದೆ. ಹಳೆಯದು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಹೊಸದೂ ಹಾಗೇ ಕೂರಬೇಕು. ತೋಳಿನ ಮೇಲೆ ಮೊದಲೇ ಗುರುತು ಹಾಕಿದ್ದು ಅದಕ್ಕೇ.

ಫ್ರೀಜರ್ ವಿದ್ಯೆಯ ಬಗ್ಗೆ ನನಗೆ ಕುತೂಹಲವಿತ್ತು. 40 ಮಿಲಿಮೀಟರ್ ಅಗಲದ ಉಕ್ಕಿನ ಬಳೆ 45 ಡಿಗ್ರಿ ತಣ್ಣಗಾದರೆ ಕುಗ್ಗೋದು ಬರೀ 0.02 ಮಿಲಿಮೀಟರ್. "ಇಷ್ಟರಾಗ ಏನಾಗ್ತೈತ್ರಿ ಮಾಮಾ?" ಅಂದೆ. "ತಮ್ಮಾ, ಫಿಟರ್ ಬಾಳೇ ಅಷ್ಟರಾಗ ನಡೀತೈತಿ," ಅಂದರು. ನಿಜಕ್ಕೂ ಮೊದಲ ನಾಲ್ಕು ಸುತ್ತು ಸಲೀಸಾಗಿ ಹೋಯಿತು.

ಭಾನುವಾರ ಮಧ್ಯಾಹ್ನಕ್ಕೆ ಎರಡೂ ತೋಳು ಜಾಗಕ್ಕೆ ಸೇರಿದವು. ಬೋಲ್ಟ್‌ಗಳನ್ನು ಬೆರಳಿನಲ್ಲಿ ತಿರುಗಿಸಿ, ಅಲುಗಾಡದಷ್ಟು ಮಾತ್ರ ಕೂರಿಸಿದೆವು. ಗಾಲಿ ಹಾಕಿ, ಗಾಡಿ ಇಳಿಸಿ, ಮತ್ತೆ ಮೆಲ್ಲಗೆ ಹಲಗೆಗಳ ಮೇಲೆ ಹತ್ತಿಸಿದೆವು. ಅಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಮುಂದಿನ ಬಂಪರ್ ನಾಲ್ಕು ಸಲ ಒತ್ತಿ ಬಿಟ್ಟು, ಗೋಡೆಯ ಮೇಲೆ ಬರೆದ ಅಳತೆಗೆ ಎತ್ತರ ತಾಳೆ ಆಯಿತಾ ನೋಡಿದೆ. ಆಯಿತು. ಆಮೇಲೆ ಟಾರ್ಕ್ ರೆಂಚ್ ಹಿಡಿದು, ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇದ್ದಷ್ಟೇ ಬಲಕ್ಕೆ ಒಂದೊಂದಾಗಿ ಬಿಗಿ ಮಾಡಿದೆ. ಈ ಕೊನೆಯ ಕೆಲಸಕ್ಕೆ ಹಿಡಿದದ್ದು ಹದಿನೈದೇ ನಿಮಿಷ. ಎಂಟು ತಿಂಗಳ ಹಿಂದೆ ಉಳಿಸಿದ್ದೂ ಬಹುಶಃ ಅಷ್ಟೇ ನಿಮಿಷ.

ಮರುದಿನ ಗೋಕಾಕದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ತೋಳು ಬಿಚ್ಚಿ ಹಾಕಿದ ಮೇಲೆ ಇದನ್ನು ಬಿಡಬಾರದು, ಇಲ್ಲದಿದ್ದರೆ ಟೈರ್ ಮತ್ತೆ ಒಂದೇ ಕಡೆ ಸವೆಯುತ್ತದೆ. ಬುಷ್ 1,240, ಬೋಲ್ಟು ನಟ್ಟು 280, ಥ್ರೆಡ್ ರಾಡು ವಾಶರ್ 160, ಅಲೈನ್‌ಮೆಂಟ್ 450. ಒಟ್ಟು 2,130 ರೂಪಾಯಿ. ಮಾಮಾನ ಕೂಲಿ ಅವ್ವ ಮಾಡಿದ ಹೋಳಿಗೆ.

ಕುಬಸದ ದಿನ ಅಪ್ಪನೇ ಗಾಡಿ ಓಡಿಸಿದರು. ಬೀಗರ ಮನೆ ಮುಂದೆ ಯಾವ ಸಪ್ಪಳವೂ ಇಲ್ಲದೆ ನಿಲ್ಲಿಸಿ, ಇಳಿದು, ಒಮ್ಮೆ ಹಿಂತಿರುಗಿ ಗಾಡಿ ನೋಡಿದರು. ಬರುವಾಗ ತಂಗಿ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಗೆ ಒರಗಿದ್ದಳು. ಘಟಪ್ರಭಾದಲ್ಲಿ ಚಹಾಕ್ಕೆ ನಿಂತು ಹೊರಟೆವು. ಸ್ವಲ್ಪ ದೂರಕ್ಕೆ ಒಂದು ತಗ್ಗು ಇಳಿದದ್ದೇ ಅಪ್ಪ ಥಟ್ಟನೆ ಗಾಡಿ ನಿಧಾನ ಮಾಡಿದರು. "ಏನೋ ಕಿಣಿಕಿಣಿ ಅಂತೈತಲ್ಲೋ, ಮತ್ತೇನ್ ಬಂತು?"

ಹಿಂದಿನಿಂದ ತಂಗಿ ನಕ್ಕಳು. "ಅಪ್ಪಾ, ಅದು ಗಾಡಿ ಅಲ್ಲ, ನನ್ನ ಹಸರ ಬಳಿ ಸಪ್ಪಳ."

ಆ 'ಗಡ್ ಗಡ್' ಇದ್ದಿದ್ದರೆ ಬಳೆ ಸಪ್ಪಳ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮೂಡಲಗಿ ಬರುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು.

ಇದನ್ನು ಓದಿ ಎಲ್ಲರೂ ಪಾನಾ ಹಿಡಿದು ಗಾಡಿಯ ಅಡಿ ನುಗ್ಗಿ ಅಂತ ನಾನು ಹೇಳೋದಿಲ್ಲ. ಗೊತ್ತಿರುವವರು ಜೊತೆಗಿಲ್ಲದೆ, ಸ್ಟ್ಯಾಂಡ್ ಇಲ್ಲದೆ, ಸಮನಾದ ಗಟ್ಟಿ ನೆಲವಿಲ್ಲದೆ ಇದು ಮಾಡುವ ಕೆಲಸವಲ್ಲ. ಆದರೆ ಊರಲ್ಲಿ ಅಪ್ಪ ಅವ್ವ ಓಡಿಸುವ ಗಾಡಿ ಇದ್ದರೆ ಮುಂದಿನ ಸಲ ಹೋದಾಗ ನೀವೇ ಒಂದು ಸುತ್ತು ಓಡಿಸಿ ನೋಡಿ. ತಗ್ಗಿನಲ್ಲಿ ಗಡ್ ಅನ್ನುತ್ತಾ, ಬ್ರೇಕಿಗೆ ಒಂದು ಕಡೆ ಎಳೆಯುತ್ತಾ, ಟೈರಿನ ಒಳ ಅಂಚು ಸವೆದಿದೆಯಾ ಗಮನಿಸಿ. ಅವರು ತಾವಾಗಿ ಹೇಳೋದಿಲ್ಲ. ಮೊಣಕಾಲು ನೋವು ಹೇಳದ ಹಾಗೆ ಇದನ್ನೂ ಹೇಳೋದಿಲ್ಲ, ನಿಧಾನಕ್ಕೆ ಓಡಿಸುತ್ತಾರೆ ಅಷ್ಟೇ. ಗ್ಯಾರೇಜಿಗೆ ಬಿಟ್ಟರೆ ಬಿಲ್ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಕೊನೆಯ ಬಿಗಿ ಗಾಲಿ ನೆಲದ ಮೇಲಿದ್ದಾಗ ಮಾಡಿದಿರಾ? ಒಳ್ಳೆಯ ಮಿಸ್ತ್ರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರೋದಿಲ್ಲ.

ನಮ್ಮ ಅಪ್ಪ ಈಗ ಓಣಿಯಲ್ಲಿ ಯಾರ ಗಾಡಿ ಗ್ಯಾರೇಜಿಗೆ ಹೊರಟರೂ ತಡೆದು ಪಾಠ ಮಾಡುತ್ತಾರೆ. ಮಾಸ್ತರಲ್ಲವೇ, ಬೋರ್ಡ್ ಇಲ್ಲದಿದ್ದರೂ ಕೈ ಎತ್ತಿ ಅಂಗೈಯನ್ನು 15 ಡಿಗ್ರಿ ಓರೆ ಮಾಡಿ ತೋರಿಸುತ್ತಾರೆ. ಕೇಳುವವರಿಗೆ ಎಷ್ಟು ಅರ್ಥವಾಗುತ್ತದೋ ಗೊತ್ತಿಲ್ಲ. ಕೊನೆಯ ಸಾಲು ಮಾತ್ರ ಎಲ್ಲರಿಗೂ ಬಾಯಿಪಾಠ ಆಗಿದೆ: ಗಾಲಿ ನೆಲಕ್ಕ ಊರಿದ ಮ್ಯಾಲ ಬಿಗಿ ಮಾಡಸ್ರಿ.